ಸಾರಿನ ರುಚಿ ಬದಲಾದರೆ...

ದಿನವೂ ಮಾಡುವ ತಿಳಿಸಾರಿಗೆ ಒಂದು ದಿನ ಬೇರೆ ಪುಡಿ ಹಾಕಿ ನೋಡಿ. "ಇದೇನೇ, ಸಾರಿಗೆ ಏನಾಯ್ತು?" ಅಂತ ಅತ್ತೆ ಕೇಳಿದರೆ, "ಅಮ್ಮಾ, ಇನ್ನೊಂದು ಸೌಟು ಹಾಕು" ಅನ್ನುತ್ತಾನೆ ಮಗ. ಹಾಡುಗಾರರ ಪಾಡೂ ಇದೇ ಕಣ್ರೀ!

ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ಸಂಗೀತದ ತಂಡವನ್ನೇ ನೋಡಿ. ಆಗ ಅದರ ಐವರಲ್ಲಿ ಇಬ್ಬರು ಹೆಂಗಸರು: ಸ್ಟೀವಿ ನಿಕ್ಸ್, ಕ್ರಿಸ್ಟೀನ್ ಮೆಕ್‌ವೀ. ತಾವೇ ಹಾಡು ಕಟ್ಟಿ ಹಾಡುತ್ತಿದ್ದವರು. 1977ರಲ್ಲಿ ಬಂದ ಇವರ 'ರೂಮರ್ಸ್' ಇಂಪಿನಿಂದಲೇ ಮನಗೆದ್ದು ಕೋಟಿಗಟ್ಟಲೆ ಮಾರಾಟವಾಯಿತು. ಅಂಥದ್ದೇ ಇನ್ನೊಂದು ಬರಲೆಂದು ಜನ ಕಾದರು.

ಗಿಟಾರ್ ನುಡಿಸುತ್ತಿದ್ದ ಲಿಂಡ್ಸೆ ಬಕಿಂಗ್‌ಹ್ಯಾಮ್‌ಗೆ ಮಾತ್ರ ಮಾಡಿದ್ದನ್ನೇ ಮಾಡುವುದು ಬೇಡವಾಗಿತ್ತು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಗಿ, 1979ರಲ್ಲಿ 20 ಹಾಡುಗಳ 'ಟಸ್ಕ್' ಹೊರಬಂತು. ಆತನ ಹಾಡುಗಳು ಒರಟೊರಟು. ಒಂದಕ್ಕೆ ವಿಶ್ವವಿದ್ಯಾಲಯದ ಕವಾಯತಿನ ಬ್ಯಾಂಡನ್ನೇ ಕರೆಸಿದ್ದರು! ಹೆಂಗಸರಿಬ್ಬರ ಹಾಡುಗಳಲ್ಲಿ ಹಳೆಯ ಇಂಪು ಉಳಿದಿತ್ತು. ಆದರೂ ಕೇಳುಗರು ಎರಡು ಪಾಲಾದರು, ಮಾರಾಟ ಬಹಳ ಇಳಿಯಿತು. 1982ರ 'ಮಿರಾಜ್' ಹೊತ್ತಿಗೆ ತಂಡ ಹಳೆಯ ಹದಕ್ಕೇ ಮರಳಿತು.

ಈಗ? 'ಟಸ್ಕ್' ತಂಡದ ಧೈರ್ಯದ ಕೆಲಸವೆಂದು ಮೆಚ್ಚುವವರು ಬಹಳ ಮಂದಿ. ಹೊಸ ರುಚಿಗೆ ನಾಲಿಗೆ ಒಗ್ಗಲು ಸಮಯ ಬೇಕಲ್ಲವೇ? ಮೊದಲ ತುತ್ತಿಗೇ ತಟ್ಟೆ ಸರಿಸಬೇಡಿ.