ತುಕ್ಕು ಕಾಯುವ ನೀರು

ಕೆರೆಕುಂಟೆಗಳ ನೀರು ಕುಡಿದು ವಾಂತಿಭೇದಿ ಬರುವುದನ್ನು ತಪ್ಪಿಸಲು ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ಕೊರೆದರು. ಆ ನೀರಿನಲ್ಲಿ ಆರ್ಸೆನಿಕ್ ಇದೆಯೆಂದು ಗೊತ್ತಾದದ್ದು 1993ರಲ್ಲಿ. ನೆಲದಡಿಯ ಮಣ್ಣಿನಿಂದಲೇ ನೀರಿಗೆ ಸೇರುವ ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ. ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಲಕ್ಷದ ಒಂದು ಪಾಲು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಬಾಂಗ್ಲಾದೇಶದ ಮಿತಿ 50.

ಇಷ್ಟು ಸೂಕ್ಷ್ಮವಾದುದನ್ನು ಹಿಡಿಯಲು ಆ ದೇಶದ ಕುಷ್ಟಿಯಾ ಎಂಬ ಊರಿನಲ್ಲಿ ಬಳಸಿದ್ದು ಕಾರ್ಖಾನೆಯ ಕಸ. ಬೀಡು ಕಬ್ಬಿಣವನ್ನು ಲೇತ್‌ಗೆ ಕೊಟ್ಟಾಗ ಉದುರುವ ಚೂರುಗಳು ಅವು. ಅಲ್ಲಿನವರೇ ಆದ, ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಮ್ ಊರಿನಲ್ಲಿದ್ದ ಸೋದರನೊಡನೆ ಇದರ ಬೆನ್ನುಹತ್ತಿದರು.

ಮೊದಲ ರೂಪ ‘ಮೂರು ಕೊಲ್ಶಿ’, ಅಂದರೆ ಒಂದರ ಮೇಲೊಂದು ಕೂರಿಸಿದ ಮೂರು ಮಣ್ಣಿನ ಕೊಡ. ಮೇಲಿನ ಎರಡರ ತಳದಲ್ಲಿ ಸಣ್ಣ ತೂತು, ಮರಳು ಜಾರದಂತೆ ಬಟ್ಟೆ. ಮೇಲಿನ ಕೊಡದಲ್ಲಿ ದಪ್ಪ ಮರಳು, ಕಬ್ಬಿಣದ ಚೂರು. ನಡುವಿನದರಲ್ಲಿ ಮರಳು, ಸೌದೆ ಇದ್ದಿಲು, ಇಟ್ಟಿಗೆ ಜಲ್ಲಿ. ಕೆಳಗಿನದು ಬರಿದು, ಕುಡಿಯುವ ನೀರು ತೊಟ್ಟಿಕ್ಕುವುದು ಅಲ್ಲಿಗೆ.

ಇಲ್ಲಿ ನಿಜವಾದ ಕೆಲಸಗಾರ ತುಕ್ಕು. ನೀರೂ ಗಾಳಿಯೂ ತಾಗಿ ಕಬ್ಬಿಣದ ಮೇಲೆ ತುಕ್ಕಿನ ಪದರ ಬೆಳೆಯುತ್ತದೆ. ಆರ್ಸೆನಿಕ್‌ನ ಒಂದು ರೂಪ ಸುಲಭವಾಗಿ ಹಿಡಿತಕ್ಕೆ ಸಿಗುವಂಥದ್ದಲ್ಲ; ಈ ಪದರದ ಸಂಗದಲ್ಲಿ ಅದು ಉತ್ಕರ್ಷಣೆಗೊಂಡು, ಅಂಟುವ ರೂಪಕ್ಕೆ ತಿರುಗಿ ತುಕ್ಕಿಗೇ ಕಚ್ಚಿಕೊಳ್ಳುತ್ತದೆ. ಕೆಳಗಿನ ಮರಳು ತುಕ್ಕಿನ ಕಣಗಳನ್ನು ತಡೆಯುತ್ತದೆ, ಇದ್ದಿಲು ಸಾವಯವ ಕಲ್ಮಶವನ್ನು ಹೀರುತ್ತದೆ. ಮನೆಯ ಗೇಟು ತಿನ್ನುವ ತುಕ್ಕನ್ನು ಹೀಗೆ ಚಾಕರಿಗೆ ಇಟ್ಟುಕೊಂಡದ್ದು ಜಾಣತನವೇ ಸರಿ.

ಆದರೆ ಕಾಲಕ್ರಮದಲ್ಲಿ ಬಿಡಿ ಚೂರುಗಳು ಒಂದಕ್ಕೊಂದು ಬೆಸೆದು ಗಡ್ಡೆಗಟ್ಟಿ ನೀರಿಗೆ ದಾರಿ ಮುಚ್ಚುತ್ತಿದ್ದವು. ಪರಿಹಾರಕ್ಕೆ ಚೂರುಗಳನ್ನೇ ಸಂಸ್ಕರಿಸಿ, ನೀರು ಹರಿಯಲು ರಂಧ್ರಗಳಿರುವ ಗಟ್ಟಿ ಕಬ್ಬಿಣದ ಪದರ ಮಾಡಿಕೊಂಡರು. ಕೊಡಗಳ ಜಾಗಕ್ಕೆ ಪ್ಲಾಸ್ಟಿಕ್ ಬಕೆಟ್ ಬಂತು. ಇದೇ ಸೋನೋ ಫಿಲ್ಟರ್. ಗಂಟೆಗೆ ಸುಮಾರು 20 ಲೀಟರ್ ನೀರು ಕೊಡುವ ಇದಕ್ಕೆ ವಿದ್ಯುತ್ತು ಬೇಡ. ಕಬ್ಬಿಣಾಂಶ ಹೆಚ್ಚಿರುವ ನೀರಾದರೆ ಮೇಲಿನ ಮರಳನ್ನು ಆಗಾಗ ತೆಗೆದು ತೊಳೆಯಬೇಕು. ಆ ದುಡಿಮೆ ಮನೆಯವರದು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ಇದಕ್ಕೆ 10 ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಕೊಟ್ಟಿತು.

ನಮ್ಮ ಪಾವಗಡದ ಕಡೆಯ ನೀರಿನಲ್ಲಿರುವ ಫ್ಲೋರೈಡಿಗೆ ಇದನ್ನೇ ತಂದಿಟ್ಟರೆ ಪ್ರಯೋಜನವಿಲ್ಲ. ಅದಕ್ಕೆ ಬೇರೆಯೇ ವಿಧಾನ. ನಾಗಪುರದ ‘ನೀರಿ’ ಸಂಸ್ಥೆ ರೂಪಿಸಿದ ನಲ್ಗೊಂಡ ಪದ್ಧತಿಯಲ್ಲಿ ಬಕೆಟ್ ನೀರಿಗೆ ಅಳತೆಯ ಪಟಿಕ, ಸ್ವಲ್ಪ ಸುಣ್ಣ ಹಾಕಿ ಹತ್ತು ನಿಮಿಷ ನಿಧಾನ ಕದಡುತ್ತಾರೆ. ಒಂದು ಗಂಟೆ ಬಿಟ್ಟರೆ ಫ್ಲೋರೈಡಿನ ಬಹುಪಾಲು ಗಸಿಯೊಡನೆ ತಳ ಸೇರುತ್ತದೆ. ತಳಕ್ಕಿಂತ ತುಸು ಮೇಲಿಟ್ಟ ನಲ್ಲಿಯಿಂದ ತಿಳಿನೀರು ಹಿಡಿಯುತ್ತಾರೆ. ಪಟಿಕದ ಅಳತೆ ನೀರಿನ ಗುಣಕ್ಕೆ ತಕ್ಕಂತೆ ಬದಲಾಗುತ್ತದೆ.

ಹಾಗಾಗಿ ಫಿಲ್ಟರ್ ಕೊಳ್ಳುವ ಮೊದಲು ನಿಮ್ಮ ನಲ್ಲಿಯ ನೀರನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.