ಹೊಸೂರು ರಸ್ತೆಯಲ್ಲಿ ಉಳಿದ ಪಿಎಫ್

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟೆದ್ದು ಬಂದು ಹೊಸೂರು ರಸ್ತೆಯಲ್ಲಿ ಕುಳಿತುಬಿಟ್ಟರು. ಕರೆ ಕೊಟ್ಟ ಯೂನಿಯನ್ ಇರಲಿಲ್ಲ, ಮೈಕು ಹಿಡಿದ ಮುಖಂಡರೂ ಇರಲಿಲ್ಲ. ಮರುದಿನ ಕಿಚ್ಚು ಪೀಣ್ಯ, ಜಾಲಹಳ್ಳಿಗೂ ಹಬ್ಬಿತು. ಬಸ್ಸುಗಳು ಸುಟ್ಟುಹೋದವು, ಹೆಬ್ಬಗೋಡಿ ಠಾಣೆಯಲ್ಲಿ ವಾಹನಗಳು ಉರಿದವು, ಪೊಲೀಸರು ಲಾಠಿ ಬೀಸಿದರು.

ಕಾರಣ, ಅದೇ ವರ್ಷದ ಫೆಬ್ರವರಿ 10ರ ಒಂದು ಅಧಿಸೂಚನೆ. ಕೆಲಸ ಬಿಟ್ಟವರು ಭವಿಷ್ಯನಿಧಿಯಿಂದ (ಪಿಎಫ್) ತಮ್ಮ ವಂತಿಗೆಯನ್ನೂ ಅದರ ಬಡ್ಡಿಯನ್ನೂ ಮಾತ್ರ ತೆಗೆಯಬಹುದು. ಮಾಲೀಕರು ಕಟ್ಟಿದ ಪಾಲು ಸಿಗಬೇಕಾದರೆ 58 ವರ್ಷ ತುಂಬಬೇಕು.

ಈ ಯೋಚನೆ ಏಕಾಏಕಿ ಬಂದದ್ದಲ್ಲ. ಪಿಎಫ್ ಕಾನೂನು 1952ರದು, ಅದರ ಪಿಂಚಣಿ ಯೋಜನೆ 1995ರದು. ದೇಶದಲ್ಲಿ ವೃದ್ಧರು ಹೆಚ್ಚುತ್ತಿದ್ದಾರೆ, ಮುಪ್ಪಿನ ಉಳಿತಾಯ ನಡುದಾರಿಯಲ್ಲೇ ಸೋರಿಹೋಗಬಾರದು ಎಂದು ಎಸ್.ಎ. ದವೆ ಸಮಿತಿ 2000ದಲ್ಲೇ ವಾದಿಸಿತ್ತು. ಅದರ ಬೆನ್ನಿಗೇ ಹೊಸ ಪಿಂಚಣಿ ವ್ಯವಸ್ಥೆ ಎನ್‌ಪಿಎಸ್ ಬಂತು: ಕೇಂದ್ರದ ಹೊಸ ನೌಕರರಿಗೆ 2004ರಿಂದ, ನಮ್ಮ ರಾಜ್ಯದವರಿಗೆ 2006ರ ಏಪ್ರಿಲ್‌ನಿಂದ.

ದವೆಯವರ ವಾದದಲ್ಲಿ ಹುರುಳಿದೆ. ಆದರೆ ಅದು ಸಂಬಳ ನಿಲ್ಲದವರಿಗೆ ಒಪ್ಪುವ ವಾದ. ಗಾರ್ಮೆಂಟ್ಸ್ ಹೆಂಗಸಿನ ಸಂಬಳದಲ್ಲಿ ಶೇ 12 ಪಿಎಫ್‌ಗೆ ಮುರಿದುಕೊಳ್ಳುತ್ತಾರೆ. ಮಾಲೀಕರು ಕೊಡುವ ಶೇ 12ರಲ್ಲಿ 8.33 ಪಿಂಚಣಿ ನಿಧಿಗೆ ಹೋಗಿ, 3.67 ಮಾತ್ರ ಪಿಎಫ್ ಖಾತೆಗೆ ಬೀಳುತ್ತದೆ. ಹೊಸ ನಿಯಮ ತಡೆದದ್ದು ಆ ಸಣ್ಣ ಪಾಲನ್ನೇ. ಆದರೆ ಮಗಳ ಫೀಸು, ಗಂಡನ ಆಸ್ಪತ್ರೆ ಖರ್ಚು, ಕೈಸಾಲದ ಬಡ್ಡಿ ಎಲ್ಲವೂ ನೆಚ್ಚಿದ್ದು ಪಿಎಫ್ ದುಡ್ಡನ್ನು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಗ್ರಾಚ್ಯುಟಿಗೆ ಐದು. ಅಷ್ಟು ವರ್ಷ ಕೆಲಸದಲ್ಲಿ ತಳವೂರಲು ಟಾರ್ಗೆಟ್ಟೂ ಸೂಪರ್‌ವೈಸರ್ ಬೈಗುಳವೂ ಎಷ್ಟು ಜನರನ್ನು ಬಿಟ್ಟಾವು? ಕೆಲಸ ಹೋದಾಗ ಕೈಹಿಡಿಯುವ ಬೇರೆ ಯಾವ ಭತ್ಯೆಯೂ ನೆಟ್ಟಗಿಲ್ಲದ ಊರಲ್ಲಿ, ಮುಪ್ಪಿನ ಗಂಟೇ ನಿರುದ್ಯೋಗದ ಗಂಟೂ ಆಗಿತ್ತು. ದೆಹಲಿಯ ಕಡತಕ್ಕೆ ಇದು ಕಾಣಲೇ ಇಲ್ಲ ಎಂಬುದು ನನ್ನನ್ನು ಈಗಲೂ ಕೆರಳಿಸುತ್ತದೆ.

ಜುಲೈ 31ರವರೆಗೆ ಜಾರಿ ಮುಂದೂಡುತ್ತೇವೆ ಎಂದಿತು ಕೇಂದ್ರ. ರಸ್ತೆ ತೆರವಾಗಲಿಲ್ಲ. ಏಪ್ರಿಲ್ 19ರಂದೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನೇ ರದ್ದು ಮಾಡಿದರು. ಗೆಲುವು ದೇಶದ ಕೋಟ್ಯಂತರ ಪಿಎಫ್ ಸದಸ್ಯರದು. ಪೆಟ್ಟು ತಿಂದವರು, ಕೇಸು ಹಾಕಿಸಿಕೊಂಡವರು ಬೆಂಗಳೂರಿನ ಕಾರ್ಮಿಕರು. ಅದೇ ವರ್ಷದ ಮಾರ್ಚ್‌ನಲ್ಲಿ ಪಿಎಫ್ ಹಿಂಪಡೆತದ ಮೇಲಿನ ತೆರಿಗೆ ಪ್ರಸ್ತಾಪವನ್ನು ಅರುಣ್ ಜೇಟ್ಲಿ ಕೈಬಿಟ್ಟಾಗ ಮಧ್ಯಮವರ್ಗದ ಗೆಲುವೆಂದು ಎಲ್ಲರೂ ಬರೆದರು. ಈ ಹೆಂಗಸರ ಬಗ್ಗೆ ಬರೆದವರು ಹೆಚ್ಚಾಗಿ ಟ್ರಾಫಿಕ್ ಜಾಮ್ ಬಗ್ಗೆಯೇ ಬರೆದರು.

2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿಗಳ ಮಂಡಳಿ ಹಳೆಯ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಕೆಲಸ ಹೋದರೆ ಮುಕ್ಕಾಲು ಪಾಲು ತೆಗೆಯಬಹುದು, ಉಳಿದ ಕಾಲಿಗೆ 12 ತಿಂಗಳು ಕಾಯಬೇಕು, ಪಿಂಚಣಿ ನಿಧಿಯ ಹಣಕ್ಕೆ 36 ತಿಂಗಳು ಎಂದು ತೀರ್ಮಾನಿಸಿತು. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ಮಾತ್ರ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿತ್ತು. ಮುಪ್ಪಿಗೆಂದು ಕೂಡಿಡಿ ಎನ್ನುವವರು ಮೊದಲು ಆ ಮೊತ್ತವನ್ನು ಏರಿಸಲಿ.