ತಲೆಗೆ ಪೆಟ್ಟಾಗಿದೆ, ಟಿಕೆಟ್ ಈ ವಾರವೇ ಇದೆ: ವಿಮಾನ ಹತ್ತಬಹುದೇ?

ರಜೆಗೆ ಊರಿಗೆ ಬಂದ ಹುಡುಗ ಬೈಕಿನಿಂದ ಬಿದ್ದಿದ್ದಾನೆ. ತಲೆಗೆ ನಾಲ್ಕು ಸ್ಟಿಚ್. ಮಾತಾಡ್ತಾನೆ, ಊಟ ಮಾಡ್ತಾನೆ, ಮೊಬೈಲ್ ನೋಡ್ತಾನೆ. ಐದನೇ ದಿನಕ್ಕೆ ದುಬೈ ಟಿಕೆಟ್. ಕಂಪೆನಿಯಿಂದ ಫೋನ್ ಬರ್ತಾ ಇದೆ. "ನನಗೆ ಏನೂ ಆಗಿಲ್ಲ, ಹೋಗ್ತೇನೆ" ಅಂತಾನೆ ಅವನು. "ಡಾಕ್ಟರಿಗೆ ಒಮ್ಮೆ ಕೇಳು ಮೋನೆ" ಅಂತಾರೆ ಉಮ್ಮ. ಗಲ್ಫ್ ನಂಬಿದ ನಮ್ಮ ಮನೆಗಳಲ್ಲಿ ಇದು ಹೊಸ ಮಾತಲ್ಲ. ಇಲ್ಲಿ ಉಮ್ಮನ ಮಾತೇ ಸರಿ. ಯಾಕೆ ಅಂತ ನೋಡೋಣ.

ಇದು ಕರಾವಳಿಯವರ ಪ್ರಶ್ನೆ ಮಾತ್ರ ಅಲ್ಲ. ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನಲ್ಲಿ ಕಾಡಂಚಿನ ಒಡೆಯರಪಾಳ್ಯ ಇದೆ. ಅಲ್ಲಿ 1970ರ ದಶಕದಲ್ಲಿ ನೆಲೆ ನಿಂತ ಟಿಬೆಟಿಯನ್ನರ ಧೊಂಡೆನ್‌ಲಿಂಗ್ ಶಿಬಿರ ಇದೆ. ನಮ್ಮವರು ಗಲ್ಫ್‌ಗೆ ಹೋದ ಹಾಗೆ ಟಿಬೆಟಿಯನ್ ಶಿಬಿರಗಳ ಮಕ್ಕಳು ಯುರೋಪ್, ಅಮೆರಿಕ, ಕೆನಡಾ ಸೇರಿದ್ದಾರೆ. ಅವರಿಗೂ ರಜೆ, ಟಿಕೆಟ್, ಊರಿನ ತಿರುವು ರಸ್ತೆ ಎಲ್ಲ ಇದ್ದದ್ದೇ. ಅಂಥ ಊರಲ್ಲಿ ಬಿದ್ದವರಿಗೆ ಇನ್ನೊಂದು ಕಷ್ಟ: ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕಾದರೆ ದೂರದ ಪೇಟೆಗೆ ಹೋಗಬೇಕು. "ಗಾಯ ಒಣಗ್ತಾ ಇದೆಯಲ್ಲ" ಅಂತ ಬಿಟ್ಟುಬಿಡುವವರೇ ಜಾಸ್ತಿ. ಆದರೆ ಒಣಗುವುದು ಹೊರಗಿನ ಗಾಯ. ವಿಮಾನಕ್ಕೆ ಮುಖ್ಯ ಒಳಗಿನದ್ದು.

ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ನೆಲದಲ್ಲಿ ಇದ್ದ ಹಾಗೆ ಇರುವುದಿಲ್ಲ. ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿ ಶಿಖರ 1,930 ಮೀಟರ್, ಅಂದರೆ ಸುಮಾರು 6,330 ಅಡಿ. ಸೀಟಿನಲ್ಲಿ ಕೂತವರು ಅಲ್ಲಿಗೋ ಅದಕ್ಕಿಂತ ಮೇಲಕ್ಕೋ ಅರ್ಧ ಗಂಟೆಯೊಳಗೆ ಏರಿದ ಹಾಗೆ. ಒತ್ತಡ ಕಡಿಮೆಯಾದರೆ ಗಾಳಿ ಹಿಗ್ಗುತ್ತದೆ. ವಿಮಾನದಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬಿಕೊಳ್ಳುವುದನ್ನು ನೀವೇ ನೋಡಿರಬಹುದು. 8,000 ಅಡಿಯ ಲೆಕ್ಕದಲ್ಲಿ ಗಾಳಿ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ.

ತಲೆಬುರುಡೆ ಬಿರುಕು ಬಿಟ್ಟಿದ್ದರೆ ಅಥವಾ ಮಿದುಳಿನ ಆಪರೇಷನ್ ಆಗಿದ್ದರೆ ಬುರುಡೆಯ ಒಳಗೆ ಗಾಳಿ ಸೇರಿಕೊಂಡಿರಬಹುದು. ಪ್ಯಾಕೆಟ್ ಉಬ್ಬುತ್ತದೆ, ಬುರುಡೆ ಉಬ್ಬುವುದಿಲ್ಲ. ಹಿಗ್ಗಿದ ಗಾಳಿ ಮಿದುಳನ್ನೇ ಒತ್ತುತ್ತದೆ. ಈ ಗಾಳಿ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಹೀರಿಕೊಂಡು ಹೋಗುತ್ತದೆ. ಹೋಗಿದೆಯೋ ಇಲ್ಲವೋ ಅಂತ ಹೇಳುವುದು ಸ್ಕ್ಯಾನ್, ನಮ್ಮ ಅಂದಾಜು ಅಲ್ಲ. ಜೊತೆಗೆ ವಿಮಾನದಲ್ಲಿ ರಕ್ತದ ಆಮ್ಲಜನಕವೂ ಸ್ವಲ್ಪ ಇಳಿಯುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ, ಊದಿಕೊಂಡ ಮಿದುಳಿಗೆ ಅದು ಹೊರೆ.

ಎರಡನೆಯದು ರಕ್ತಸ್ರಾವ. 2009ರ ಮಾರ್ಚ್ 16ರಂದು ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಮೊದಲಿಗೆ ಚೆನ್ನಾಗಿಯೇ ಮಾತಾಡಿದರು, ವೈದ್ಯರು ಬೇಡ ಎಂದರು. ಸ್ವಲ್ಪ ಹೊತ್ತಿಗೆ ತಲೆನೋವು ಶುರುವಾಯಿತು. ಮಾರ್ಚ್ 18ರಂದು ತೀರಿಕೊಂಡರು. ವಯಸ್ಸು 45. ಬುರುಡೆಯ ಕೆಳಗೆ ರಕ್ತ ಕಟ್ಟಿತ್ತು. ಇದು ವಿಮಾನದಿಂದ ಆದದ್ದಲ್ಲ. ಆದರೆ ಇಂಥದ್ದು ಅರಬ್ಬೀ ಸಮುದ್ರದ ಮೇಲೆ ಹಾರುವಾಗ ಶುರುವಾದರೆ ಆಪರೇಷನ್ ಮಾಡುವವರು ಯಾರು? ವಯಸ್ಸಾದವರಲ್ಲಿ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಸಣ್ಣ ಪೆಟ್ಟಾಗಿ ಕೆಲವು ವಾರ ಕಳೆದ ಮೇಲೂ ರಕ್ತ ಕಟ್ಟುವುದುಂಟು. ಉಮ್ರಾಕ್ಕೆ ಹೊರಟ ಹಿರಿಯರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದದ್ದನ್ನೂ ಡಾಕ್ಟರಿಗೆ ಹೇಳಲೇಬೇಕು.

ಹಾಗಾದರೆ ಏನು ಮಾಡಬೇಕು? ಡಾಕ್ಟರಲ್ಲಿ ನೇರವಾಗಿ ಮೂರು ಪ್ರಶ್ನೆ ಕೇಳಿ: ಒಳಗೆ ಗಾಳಿ ಇದೆಯೇ? ರಕ್ತ ಇದೆಯೇ? ಎಷ್ಟು ದಿನ ಕಾಯಬೇಕು? ಸಣ್ಣ ಪೆಟ್ಟಿಗೆಲ್ಲ ಸ್ಕ್ಯಾನ್ ಬೇಕಾಗಿಲ್ಲ, ಅದನ್ನು ಅವರೇ ಹೇಳಲಿ. ಒಡೆಯರಪಾಳ್ಯದಂಥ ದೂರದ ಊರಿನವರು ಹೇಗೂ ವಿಮಾನಕ್ಕೆ ಬೆಂಗಳೂರಿಗೆ ಬರಬೇಕು. ಕೊನೇ ದಿನ ಓಡುವ ಬದಲು ಕೆಲವು ದಿನ ಮೊದಲೇ ಬಂದು ತೋರಿಸಿಕೊಳ್ಳಿ.

ವಿಮಾನ ಕಂಪೆನಿಗಳಲ್ಲಿ 'ಮೆಡಿಫ್' ಎಂಬ ಫಾರಂ ಇದೆ. ಚಿಕಿತ್ಸೆ ಕೊಟ್ಟ ಡಾಕ್ಟರ್ ಅದನ್ನು ತುಂಬಬೇಕು, ಕಂಪೆನಿಯ ವೈದ್ಯರು ನೋಡಿ ಒಪ್ಪಬೇಕು. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಮಾತ್ರೆ ಎಲ್ಲ ಕೈಚೀಲದಲ್ಲೇ ಇರಲಿ. ಪೆಟ್ಟನ್ನು ಟೋಪಿ ಹಾಕಿ ಮುಚ್ಚಿಕೊಂಡು ಹತ್ತುವ ಉಪಾಯ ಬೇಡ.

ವಾಂತಿ ಮತ್ತೆ ಮತ್ತೆ ಬಂದರೆ, ತಲೆನೋವು ಏರುತ್ತಾ ಹೋದರೆ, ತುಂಬ ಮಂಪರು, ಮಾತು ತೊದಲುವುದು, ಫಿಟ್ಸ್, ಕೈಕಾಲು ಸೋಲುವುದು ಕಂಡರೆ, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಸೋರಿದರೆ ಟಿಕೆಟ್ ಮರೆತುಬಿಡಿ. 108ಕ್ಕೆ ಫೋನ್ ಮಾಡಿ.

ಇನ್ನು ಕೆಲಸದ ಚಿಂತೆ. ಅದು ಸಣ್ಣದಲ್ಲ, ಒಬ್ಬನ ಸಂಬಳದಲ್ಲಿ ಇಡೀ ಮನೆ ನಡೆಯುತ್ತದೆ. ಆದರೆ ಎರಡು ಮೂರು ವಾರ ತಡವಾದರೆ ಎಲ್ಲ ಮುಗಿಯಿತು ಅಂತ ಇಲ್ಲ. ಯುಎಇ ರೆಸಿಡೆನ್ಸ್ ವೀಸಾ ಇದ್ದವರು ಸಾಮಾನ್ಯವಾಗಿ ಆರು ತಿಂಗಳವರೆಗೆ ಹೊರಗೆ ಇರಬಹುದು. ಸೌದಿಯ ರೀ-ಎಂಟ್ರಿ ಅವಧಿಯನ್ನು ನೀವು ಊರಲ್ಲಿ ಇದ್ದಾಗಲೇ ಕಫೀಲ್ ಅಥವಾ ಕಂಪೆನಿ ಆನ್‌ಲೈನ್‌ನಲ್ಲಿ ಮುಂದೂಡಬಹುದು. ಅವಧಿ ಮುಗಿಯುವ ಮೊದಲೇ ವೈದ್ಯರ ಪತ್ರ ಕಳಿಸಿ ಮಾತಾಡಿ. ಟಿಕೆಟ್ ದಿನ ಬದಲಿಸಲು ಹೋಗುವ ದುಡ್ಡಿನಲ್ಲಿ ರಿಯಾಯಿತಿ ಇದೆಯೇ ಅಂತ ವೈದ್ಯರ ಪತ್ರ ತೋರಿಸಿ ಕೇಳಿ.

ಈ ವಾರ ಪೆಟ್ಟಿಗೆ ಕಟ್ಟುತ್ತಿರುವವರು ನಿಮ್ಮ ಪರಿಚಯದಲ್ಲಿ ಇದ್ದು, ಇತ್ತೀಚೆಗೆ ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ ಈ ಪುಟ ಅವರಿಗೆ ತೋರಿಸಿ. ಹೊರಡುವ ದಿನ ಡಾಕ್ಟರ್ ಹೇಳಲಿ, ಟಿಕೆಟ್ ಅಲ್ಲ.